‘ಮಾಡಿಲ್ಲ’, ‘ಮಾಡಲಿಲ್ಲ’ ಗೊತ್ತಿರುವ ಮಕ್ಕಳಿಗೆ ಇಂಗ್ಲಿಷ್ ಟೆನ್ಸ್

ಓದುಗರ ಪ್ರಶ್ನೆಗಳಿಗೆ ಉತ್ತರ

ಇಂಗ್ಲಿಷ್ ವ್ಯಾಕರಣದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಬಹುಪಾಲು ಎರಡೇ ವಿಷಯದವು: ಟೆನ್ಸ್ (ಕ್ರಿಯಾಪದದ ಕಾಲರೂಪ) ಮತ್ತು ಪ್ಯಾಸಿವ್ (ಕರ್ಮಣಿ ಪ್ರಯೋಗ). ಬರೆದವರು ಹೆಚ್ಚಾಗಿ ಹೈಸ್ಕೂಲು ಮಕ್ಕಳ ಶಿಕ್ಷಕರು, ತಾಯಂದಿರು. ಕೆಲವರು ಸ್ವತಃ ವಿದ್ಯಾರ್ಥಿಗಳು. ನಾನು ಸಾಗರ, ಹೊಸನಗರದ ಕಡೆಯ ಪ್ರೌಢಶಾಲೆಗಳಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು. ನನ್ನ ಉತ್ತರಗಳು ಆ ಕ್ಲಾಸುಗಳಿಂದಲೇ ಬಂದಿವೆ. ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಬಾಯಿಬಿಟ್ಟು ಓದಿಕೊಳ್ಳಿ, ಸರಿಯಾಗಿ ಕೇಳಿಸುತ್ತದೆ.

ಪ್ರಶ್ನೆ: ಒಂಬತ್ತನೇ ತರಗತಿಯ ಗೋಡೆಗೆ ಹನ್ನೆರಡು ಟೆನ್ಸ್‌ಗಳ ಚಾರ್ಟ್ ಹಾಕಿದ್ದೇನೆ. ಮಕ್ಕಳು ಸೂತ್ರಗಳನ್ನು ಗಡಗಡ ಹೇಳುತ್ತಾರೆ. ನಿನ್ನೆ ಏನು ಮಾಡಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಮಾತ್ರ ‘ಐ ಆಮ್ ಗೋ ಟು ಮಾರ್ಕೆಟ್’ ಅನ್ನುತ್ತಾರೆ. ಎಲ್ಲಿ ಎಡವುತ್ತಿದ್ದೇವೆ?
— ಶಿಕ್ಷಕರು, ಅರಸೀಕೆರೆ ತಾಲ್ಲೂಕು

ಉತ್ತರ: ಮೊದಲು ಆ ಚಾರ್ಟನ್ನು ಒಂದೆರಡು ತಿಂಗಳ ಮಟ್ಟಿಗೆ ಕೆಳಗಿಳಿಸಿ. ಅದರಲ್ಲಿ ಇರುವುದು ಸುಳ್ಳಲ್ಲ. ಆದರೆ ಹನ್ನೆರಡು ಚೌಕಗಳೂ ಒಂದೇ ಅಳತೆಯಲ್ಲಿ ಇರುವುದರಿಂದ ಎಲ್ಲವೂ ಒಂದೇ ತೂಕದವು ಅನ್ನುವ ಭಾವನೆ ಮಕ್ಕಳಿಗೆ ಬರುತ್ತದೆ. ‘ವಿಲ್ ಹ್ಯಾವ್ ಬೀನ್ ಡೂಯಿಂಗ್’ ಅನ್ನುವ ರೂಪ ಅವರಿಗೆ ವರ್ಷಗಟ್ಟಲೆ ಬೇಕಾಗುವುದೇ ಇಲ್ಲ. ‘ವೆಂಟ್, ಕೇಮ್, ಸಾ, ಏಟ್’ ಪ್ರತಿದಿನ ಬೇಕು.

‘ಐ ಆಮ್ ಗೋ’ ಎಲ್ಲಿಂದ ಬಂತು ನೋಡಿ. 2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಮಗು ಬಾಯಿಗೆ ಮೊದಲು ಬರುವುದು ‘ಐ ಆಮ್ ರವಿ’, ‘ಐ ಆಮ್ ಫೈನ್’. ಕನ್ನಡದಲ್ಲಿ ‘ನಾನು ರವಿ’ ಅಂದರೆ ಸಾಕು, ಕ್ರಿಯಾಪದವೇ ಬೇಡ. ಹಾಗಾಗಿ ‘ಐ ಆಮ್’ ಅನ್ನುವುದು ಪೂರ್ತಿಯಾಗಿ ‘ನಾನು’ ಅಂತಲೇ ಮಗು ತಿಳಿದುಕೊಳ್ಳುತ್ತದೆ. ಆಮೇಲೆ ‘ನಾನು ಹೋಗು’ ಅನ್ನುವ ಹಾಗೆ ‘ಐ ಆಮ್ ಗೋ’ ಕಟ್ಟುತ್ತದೆ. ಇದು ಸೋಮಾರಿತನ ಅಲ್ಲ, ಲೆಕ್ಕಾಚಾರ. ಇದನ್ನು ಸೂತ್ರದಿಂದ ಬಿಡಿಸಲು ಆಗುವುದಿಲ್ಲ. ‘ಐ ಗೋ, ಐ ವೆಂಟ್’ ಎಂದು ‘ಆಮ್’ ಇಲ್ಲದ ‘ಐ’ ಅವರ ಕಿವಿಗೆ ಸಾಕಷ್ಟು ಬೀಳಬೇಕು.

ನನ್ನ ಕ್ಲಾಸಿನಲ್ಲಿ ಜಾಸ್ತಿ ಕೆಲಸಕ್ಕೆ ಬಂದದ್ದು ಕ್ರಿಕೆಟ್. ಇಂಗ್ಲಿಷ್ ಕಾಮೆಂಟರಿಯ ಒಂದೆರಡು ಓವರ್ ಕೇಳಿಸಿ. ಬೌಲರ್ ಓಡಿ ಬರುತ್ತಿದ್ದಾನೆ: ‘ಹಿ ಈಸ್ ರನ್ನಿಂಗ್ ಇನ್’. ಚೆಂಡು ಬಿತ್ತು, ಹೊಡೆದ: ‘ಹಿ ಡ್ರೈವ್ಸ್ ಇಟ್ ಥ್ರೂ ಕವರ್ಸ್’. ಕ್ಯಾಚ್ ಕೈಬಿಟ್ಟ: ‘ಓ, ಹಿ ಹ್ಯಾಸ್ ಡ್ರಾಪ್ಡ್ ಇಟ್!’ ಮಾರನೇ ದಿನದ ಪತ್ರಿಕೆ ತೆಗೆದರೆ ಅದೇ ಕ್ಯಾಚ್ ‘ಹಿ ಡ್ರಾಪ್ಡ್ ಎ ಕ್ಯಾಚ್ ಇನ್ ದ ಟೆಂತ್ ಓವರ್’ ಆಗಿರುತ್ತದೆ. ಕ್ಯಾಚ್ ಒಂದೇ. ಹೇಳುವವನು ಎಲ್ಲಿ ನಿಂತು ಹೇಳುತ್ತಿದ್ದಾನೆ ಅನ್ನುವುದು ಬದಲಾಯಿತು, ಕ್ರಿಯಾಪದವೂ ಬದಲಾಯಿತು. ಟೆನ್ಸ್ ಅಂದರೆ ಗಡಿಯಾರ ಅಲ್ಲ, ನಿಂತ ಜಾಗ ಅನ್ನುವುದು ಹುಡುಗರಿಗೆ ಒಂದೇ ಪಿರಿಯಡ್‌ನಲ್ಲಿ ಹೊಳೆಯುತ್ತದೆ. ನಂತರ ಒಬ್ಬ ಮೈದಾನದಲ್ಲಿ ಆಡಲಿ, ಇನ್ನೊಬ್ಬ ಕಾಮೆಂಟರಿ ಹೇಳಲಿ. ಮೂರನೆಯವನು ಮಾರನೇ ದಿನ ವರದಿ ಬರೆದು ತರಲಿ. ಕ್ರಿಕೆಟ್ ಇಷ್ಟವಿಲ್ಲದವರಿಗೆ ಖೋಖೋ, ಕಬಡ್ಡಿ. ಹೆಣ್ಣುಮಕ್ಕಳ ಖೋಖೋ ತಂಡವಿದ್ದ ಕಡೆ ಕಾಮೆಂಟರಿ ಇನ್ನೂ ಬಿಸಿಯಾಗಿ ಬರುತ್ತಿತ್ತು.

ಕ್ರಮ ಕೇಳಿದರೆ ಹೀಗೆ ಹೇಳುತ್ತೇನೆ. ಕತೆ ಹೇಳಿಸುತ್ತಾ ಸಿಂಪಲ್ ಪಾಸ್ಟ್ (‘ಐ ವೆಂಟ್’) ಮೊದಲು. ಮನೆಯ ದಿನಚರಿ ಹೇಳಿಸುತ್ತಾ ಸಿಂಪಲ್ ಪ್ರೆಸೆಂಟ್ (‘ಐ ಗೋ’). ಕಣ್ಣೆದುರು ನಡೆಯುವುದಕ್ಕೆ ‘ಇಂಗ್’. ಅದಾದ ಮೇಲೆ ಪ್ರೆಸೆಂಟ್ ಪರ್ಫೆಕ್ಟ್ (‘ಐ ಹ್ಯಾವ್ ಸೀನ್’). ಪಾಸ್ಟ್ ಪರ್ಫೆಕ್ಟನ್ನು ಕತೆಯಲ್ಲಿ ಎದುರಾದಾಗ ತೋರಿಸಿದರೆ ಸಾಕು. ‘ನಾನು ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಬಸ್ ಹೋಗಿತ್ತು’ ಅನ್ನುವ ಮಗುವಿಗೆ ‘ದ ಬಸ್ ಹ್ಯಾಡ್ ಲೆಫ್ಟ್’ ಕಷ್ಟವಲ್ಲ. ‘ಹೋಗಿ’ಯ ಜೊತೆ ‘ಇತ್ತು’, ‘ಲೆಫ್ಟ್’ ಜೊತೆ ‘ಹ್ಯಾಡ್’. ಕನ್ನಡವೂ ಎರಡು ಕ್ರಿಯೆಗಳನ್ನು ಸೇರಿಸಿಯೇ ಇಂಥ ರೂಪ ಕಟ್ಟುತ್ತದೆ. ‘ಮಾಡುತ್ತ’ ಮತ್ತು ‘ಇದ್ದೇನೆ’ ಸೇರಿ ‘ಮಾಡುತ್ತಿದ್ದೇನೆ’. ‘ಮಾಡಿ’ ಮತ್ತು ‘ಇದ್ದೇನೆ’ ಸೇರಿ ‘ಮಾಡಿದ್ದೇನೆ’. ಬೋರ್ಡಿನ ಮೇಲೆ ಬಿಡಿಸಿ ತೋರಿಸಿ. ತಮ್ಮ ಭಾಷೆಯಲ್ಲೂ ಇದು ಇದೆ ಎಂದು ಕಂಡ ಮಕ್ಕಳ ಮುಖ ನೋಡಲು ಖುಷಿಯಾಗುತ್ತದೆ.

ಒಂದು ಮಾತು. ಬಾಯಿಪಾಠ ಬೇಡವೇ ಬೇಡ ಅನ್ನುವವಳು ನಾನಲ್ಲ. ‘ಗೋ, ವೆಂಟ್, ಗಾನ್’, ‘ಸೀ, ಸಾ, ಸೀನ್’ ಬಾಯಿಗೆ ಬರಲೇಬೇಕು, ಬೇರೆ ದಾರಿ ಇಲ್ಲ. ವಾರಕ್ಕೆ ಐದು ಪದ. ಆ ಐದನ್ನೂ ಆ ವಾರದ ಕತೆಯಲ್ಲಿ ಬಳಸಬೇಕು.

ಪ್ರಶ್ನೆ: ಮಗ ಎಂಟನೇ ಕ್ಲಾಸು. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ’ ಎಂದು ಬರೆದ. ಟ್ಯೂಷನ್‌ನಲ್ಲಿ ತಪ್ಪು ಹಾಕಿದ್ದಾರೆ, ಯಾಕೆ ಅಂತ ಹೇಳಿಲ್ಲ. ‘ನಿನ್ನೆ ನೋಡಿದ್ದೇನೆ’ ಅನ್ನಬಹುದಲ್ವಾ? ನನಗೂ ಅರ್ಥವಾಗಲಿಲ್ಲ.
— ಗೃಹಿಣಿ, ಹುಬ್ಬಳ್ಳಿ

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರ ಇದೆ ಅಮ್ಮಾ. ‘ಯಾಕೆ ಅಂತ ಹೇಳಿಲ್ಲ’ ಎಂದು ಬರೆದಿರಿ. ‘ನನಗೂ ಅರ್ಥವಾಗಲಿಲ್ಲ’ ಎಂದೂ ಬರೆದಿರಿ. ಒಂದು ಕಡೆ ‘ಹೇಳಿಲ್ಲ’, ಇನ್ನೊಂದು ಕಡೆ ‘ಆಗಲಿಲ್ಲ’. ಈ ಎರಡರ ವ್ಯತ್ಯಾಸವನ್ನು ನಿಮಗೆ ಯಾರೂ ಕಲಿಸಿಲ್ಲ, ಆದರೂ ಎಷ್ಟು ಸಹಜವಾಗಿ ಬಳಸಿದ್ದೀರಿ.

ಮಗನನ್ನು ಕೂರಿಸಿಕೊಂಡು ಕೇಳಿ. ‘ಊಟ ಮಾಡಿಲ್ಲ’ ಅಂದರೆ ಹಸಿವು ಈಗಲೂ ಇದೆ, ಬಡಿಸಿದರೆ ಕೂರುತ್ತಾನೆ. ‘ಆವತ್ತು ಊಟ ಮಾಡಲಿಲ್ಲ’ ಅಂದರೆ ಆ ಹೊತ್ತು ಮುಗಿದು ಹೋಯಿತು, ಈಗ ಬಡಿಸಿ ಪ್ರಯೋಜನವಿಲ್ಲ. ಮೊದಲನೆಯದು ‘ಐ ಹ್ಯಾವ್‌ನ್ಟ್ ಈಟನ್’. ಎರಡನೆಯದು ‘ಐ ಡಿಡ್‌ನ್ಟ್ ಈಟ್’. ‘ಬಸ್ ಬಂದಿಲ್ಲ’ ಅಂದರೆ ಇನ್ನೂ ಕಾಯಬಹುದು. ‘ಬಸ್ ಬರಲಿಲ್ಲ’ ಅಂದರೆ ನಡೆದುಕೊಂಡೇ ಬಂದೆವು. ನಮ್ಮ ಮಕ್ಕಳಿಗೆ ಪ್ರೆಸೆಂಟ್ ಪರ್ಫೆಕ್ಟ್ ಒಳಗೆ ಹೋಗಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಸಿಕ್ಕಿಲ್ಲ. ‘ಇಲ್ಲ’ದಿಂದ ಶುರು ಮಾಡಿ, ಆಮೇಲೆ ‘ಹೌದು’ ವಾಕ್ಯಕ್ಕೆ ಬನ್ನಿ.

ಯಾಕೆ ಅಂದರೆ ‘ಹೌದು’ ವಾಕ್ಯದಲ್ಲಿ ಕನ್ನಡ ಸ್ವಲ್ಪ ಸಡಿಲ. ‘ನಿನ್ನೆಯೇ ಹೇಳಿದ್ದೇನಲ್ಲ!’ ಅನ್ನುತ್ತೇವೆ, ಅದು ಕನ್ನಡದಲ್ಲಿ ಸರಿಯೇ. ಇಂಗ್ಲಿಷ್ ಇಲ್ಲಿ ಬಿಗಿ. ಮುಗಿದುಹೋದ ಹೊತ್ತಿನ ಹೆಸರು ವಾಕ್ಯದಲ್ಲಿ ಬಂದರೆ ‘ಹ್ಯಾವ್’ ಬರುವಂತಿಲ್ಲ. ‘ಯೆಸ್ಟರ್ಡೇ’, ‘ಲಾಸ್ಟ್ ವೀಕ್’, ‘ಇನ್ 2019’, ‘ಟೆನ್ ಮಿನಿಟ್ಸ್ ಅಗೋ’ ಎಲ್ಲವೂ ಹಾಗೆಯೇ. ‘ಯಾವಾಗ?’ ಅನ್ನುವುದಕ್ಕೆ ವಾಕ್ಯದಲ್ಲಿ ಉತ್ತರ ಇದ್ದರೆ ‘ಐ ಸಾ ಹಿಮ್’. ಉತ್ತರ ಇಲ್ಲದಿದ್ದರೆ, ವಿಷಯ ಈಗಿನದಕ್ಕೆ ಅಂಟಿಕೊಂಡಿದ್ದರೆ ‘ಐ ಹ್ಯಾವ್ ಸೀನ್ ಹಿಮ್’.

ಆಟ ಬೇಕಿದ್ದರೆ ಹೀಗೆ ಆಡಿಸಿ. ‘ಹ್ಯಾವ್ ಯು ಎವರ್ ಸೀನ್ ಎ ಕಿಂಗ್ ಕೋಬ್ರಾ?’ ಎಂದು ಕೇಳುವುದು. ಆಗುಂಬೆ ಕಡೆಯ ಮಕ್ಕಳಾದರೆ ಅರ್ಧ ಕ್ಲಾಸು ಕೈ ಎತ್ತುತ್ತದೆ. ‘ಎಸ್’ ಅಂದವರಿಗೆ ತಕ್ಷಣ ಮುಂದಿನ ಪ್ರಶ್ನೆ: ‘ವೇರ್ ಡಿಡ್ ಯು ಸೀ ಇಟ್?’, ‘ವಾಟ್ ಡಿಡ್ ಯು ಡು?’ ಮೊದಲ ಪ್ರಶ್ನೆಗೆ ‘ಹ್ಯಾವ್’, ವಿವರಕ್ಕೆ ಇಳಿದ ಕೂಡಲೇ ‘ಡಿಡ್’. ನಿಜವಾದ ಮಾತುಕತೆ ಇಂಗ್ಲಿಷಿನಲ್ಲಿ ನಡೆಯುವುದೇ ಹೀಗೆ. ಹುಬ್ಬಳ್ಳಿಯಲ್ಲಿ ಕಾಳಿಂಗದ ಬದಲು ಸಮುದ್ರ ಕೇಳಿ, ವಿಮಾನ ಕೇಳಿ.

ಇದೇ ಕುಟುಂಬದ ಇನ್ನೊಂದು ತಪ್ಪು: ‘ವಿ ಆರ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’. ‘ಹತ್ತು ವರ್ಷದಿಂದ ಇಲ್ಲೇ ಇದ್ದೇವೆ’ ಅನ್ನುವ ನಮ್ಮ ವಾಕ್ಯ ವರ್ತಮಾನದ್ದು, ಅದಕ್ಕೇ ಹಾಗೆ ಬರುತ್ತದೆ. ಇಂಗ್ಲಿಷಿನಲ್ಲಿ ಹಿಂದಿನಿಂದ ಈಗಿನವರೆಗೆ ಎಳೆದು ತರಬೇಕು: ‘ವಿ ಹ್ಯಾವ್ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್’. ‘2015ರಿಂದ’ ಅಂದರೆ ಶುರುವಾದ ಬಿಂದು, ಅದಕ್ಕೆ ‘ಸಿನ್ಸ್’. ‘ಹತ್ತು ವರ್ಷದಿಂದ’ ಅಂದರೆ ಉದ್ದ, ಅದಕ್ಕೆ ‘ಫಾರ್’. ಕನ್ನಡ ಎರಡಕ್ಕೂ ‘ಇಂದ’ ಅನ್ನುವುದರಿಂದ ಈ ಗೊಂದಲ.

ನಿಮ್ಮ ಮಗ ಅಮೆರಿಕದ ವಿಡಿಯೊ ನೋಡುವವನಾದರೆ ‘ಡಿಡ್ ಯು ಈಟ್ ಯೆಟ್?’ ಎಂಬುದೂ ಕಿವಿಗೆ ಬೀಳುತ್ತದೆ. ಅಲ್ಲಿ ಅದು ಸಹಜ. ಪರೀಕ್ಷೆಯಲ್ಲಿ ‘ಹ್ಯಾವ್ ಯು ಈಟನ್ ಯೆಟ್?’ ಬರೆದರೆ ಕ್ಷೇಮ.

ಪ್ರಶ್ನೆ: ‘ಐ ಆಮ್ ನೋಯಿಂಗ್’, ‘ಐ ಆಮ್ ವಾಂಟಿಂಗ್’ ಎಂದು ನಾವು ಮಾತಾಡುವುದು ಕನ್ನಡದ ಪ್ರಭಾವ ಎಂದು ಕಾಲೇಜಿನಲ್ಲಿ ಹೇಳಿದರು. ನಿಜವೇ?
— ಪದವಿ ವಿದ್ಯಾರ್ಥಿ, ತುಮಕೂರು

ಉತ್ತರ: ಕನ್ನಡದ ಮೇಲೆ ಹಾಕಬೇಡಿ. ‘ನನಗೆ ಗೊತ್ತು’, ‘ನನಗೆ ಬೇಕು’, ‘ನನಗೆ ಇಷ್ಟ’. ಇವುಗಳನ್ನು ‘ಉತ್ತಿದ್ದೇನೆ’ ಮಾಡಿ ನೋಡೋಣ? ‘ಗೊತ್ತುತ್ತಿದ್ದೇನೆ’, ‘ಬೇಕುತ್ತಿದ್ದೇನೆ’ ಎಂದು ಯಾರೂ ಅನ್ನುವುದಿಲ್ಲ. ಸ್ಥಿತಿಯನ್ನು ಹೇಳುವ ಈ ಮಾತುಗಳು ಕನ್ನಡದಲ್ಲೂ ಆ ರೂಪಕ್ಕೆ ಹೋಗುವುದಿಲ್ಲ. ಈ ತಪ್ಪಿಗೆ ದೊಡ್ಡ ಕಾರಣ ನಾವು ಕಲಿಸುವ ರೀತಿ ಎಂದು ನನಗೆ ಅನ್ನಿಸುತ್ತದೆ. ‘ಈಗ ಅಂದರೆ ಇಂಗ್ ಹಾಕು’ ಎಂದು ಮೊದಲ ದಿನವೇ ಹೇಳಿಬಿಡುತ್ತೇವೆ. ಮಗು ವಿಧೇಯವಾಗಿ ಎಲ್ಲದಕ್ಕೂ ಹಾಕುತ್ತದೆ. ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿ, ಅದು ಕೆಲಸ. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಸರಿಯಲ್ಲ, ಅಣ್ಣಂದಿರು ಇರುವುದು ಕೆಲಸವಲ್ಲ.

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿ. ಪ್ಯಾಸಿವ್‌ಗೆ ಬದಲಿಸುವಾಗ ‘ಬೀನ್’, ‘ಬೀಯಿಂಗ್’ ಎಲ್ಲಿ ಹಾಕಬೇಕು ಎಂದು ತಲೆ ಕೆಡುತ್ತದೆ. ಒಂದು ಸುಲಭ ದಾರಿ ಹೇಳಿ ಮೇಡಂ, ಮಾರ್ಕ್ಸ್ ಮುಖ್ಯ.
— ವಿದ್ಯಾರ್ಥಿ, ಚಿಕ್ಕೋಡಿ

ಉತ್ತರ: ಮಾರ್ಕ್ಸ್ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ ಮಗು. ಒಂದೇ ಸಂಗತಿ ಗಟ್ಟಿಯಾಗಿ ಹಿಡಿದುಕೋ. ಪ್ಯಾಸಿವ್‌ನಲ್ಲಿ ಮುಖ್ಯ ಕ್ರಿಯಾಪದ ಯಾವಾಗಲೂ ಮೂರನೇ ರೂಪದಲ್ಲಿ (‘ರೈಟ್, ರೋಟ್, ರಿಟನ್’ ಅನ್ನುವಾಗಿನ ‘ರಿಟನ್’) ಕದಲದೆ ಕೂತಿರುತ್ತದೆ. ಟೆನ್ಸ್ ಪೂರ್ತಿ ‘ಬಿ’ ಮೇಲೆ (‘ಆಮ್, ಈಸ್, ಆರ್, ವಾಸ್’ ಇವುಗಳ ಮೂಲ ಪದ) ಬೀಳುತ್ತದೆ. ಮೂಲ ವಾಕ್ಯದ ಕ್ರಿಯಾಪದ ಯಾವ ಟೆನ್ಸ್‌ನಲ್ಲಿದೆಯೋ ಅದೇ ಟೆನ್ಸ್‌ಗೆ ‘ಬಿ’ಯನ್ನು ತಂದು ನಿಲ್ಲಿಸು.

‘ರೈಟ್ಸ್’ ಇದ್ದರೆ ‘ಈಸ್ ರಿಟನ್’. ‘ರೋಟ್’ ಇದ್ದರೆ ‘ವಾಸ್ ರಿಟನ್’. ‘ಈಸ್ ರೈಟಿಂಗ್’ನಲ್ಲಿ ‘ಇಂಗ್’ ಇದೆ, ಆ ‘ಇಂಗ್’ ಈಗ ‘ಬಿ’ಗೆ ಹೋಗಬೇಕು: ‘ಈಸ್ ಬೀಯಿಂಗ್ ರಿಟನ್’. ‘ಹ್ಯಾಸ್ ರಿಟನ್’ನಲ್ಲಿ ‘ಹ್ಯಾಸ್’ ಆದಮೇಲೆ ಮೂರನೇ ರೂಪ ಬೇಕು, ‘ಬಿ’ಯ ಮೂರನೇ ರೂಪ ‘ಬೀನ್’: ‘ಹ್ಯಾಸ್ ಬೀನ್ ರಿಟನ್’. ‘ವಿಲ್ ರೈಟ್’ ಇದ್ದರೆ ‘ವಿಲ್ ಬಿ ರಿಟನ್’. ‘ಈಸ್’ ಅಥವಾ ‘ಆರ್’ ಎಂಬುದನ್ನು ಹೊಸದಾಗಿ ಮುಂದೆ ಬಂದು ಕೂತ ಪದ ನೋಡಿ ತೀರ್ಮಾನಿಸು, ಹಳೆಯದನ್ನು ನೋಡಿ ಅಲ್ಲ. ಮಕ್ಕಳು ಮಾರ್ಕ್ಸ್ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ.

‘ಸಮ್‌ಬಡಿ’, ‘ದೆ’, ‘ಪೀಪಲ್’ ಮಾಡಿದ್ದಾದರೆ ಕೊನೆಗೆ ‘ಬೈ’ ಎಂದು ಎಳೆಯಬೇಕಿಲ್ಲ. ಇನ್ನೊಂದು: ‘ಕಮ್, ಗೋ, ಸ್ಲೀಪ್, ಡೈ, ಹ್ಯಾಪನ್’ ಇವು ಪ್ಯಾಸಿವ್ ಆಗುವುದಿಲ್ಲ. ‘ದ ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್’ ಎಂದು ಬರೆಯಬೇಡ. ‘ದ ಆಕ್ಸಿಡೆಂಟ್ ಹ್ಯಾಪನ್ಡ್’, ಅಷ್ಟೇ.

ಪ್ರಶ್ನೆ: ಪ್ಯಾಸಿವ್ ಪಾಠ ಶುರು ಮಾಡುವಾಗ ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದು ಕನ್ನಡದಲ್ಲಿ ವಿವರಿಸುತ್ತೇನೆ. ಮಕ್ಕಳು ನಗುತ್ತಾರೆ. ಯಾರೂ ಹಾಗೆ ಮಾತಾಡುವುದಿಲ್ಲವಲ್ಲ ಮಿಸ್ ಅನ್ನುತ್ತಾರೆ. ಕನ್ನಡದಲ್ಲಿ ಇಲ್ಲದ್ದನ್ನು ಹೇಗೆ ಅರ್ಥ ಮಾಡಿಸಲಿ?
— ಶಿಕ್ಷಕಿ, ಸಿರಸಿ ತಾಲ್ಲೂಕು

ಉತ್ತರ: ನಿಮ್ಮ ಮಕ್ಕಳು ಸರಿಯಾಗಿ ಹೇಳಿದ್ದಾರೆ. ‘ಕೊಲ್ಲಲ್ಪಟ್ಟನು’ ಅನ್ನುವುದು ಪುಸ್ತಕದ ಕನ್ನಡ. ಆದರೆ ಪ್ಯಾಸಿವ್ ಮಾಡುವ ಕೆಲಸ ಕನ್ನಡದಲ್ಲಿ ಇಲ್ಲ ಅಂದುಕೊಳ್ಳಬೇಡಿ. ಆ ಕೆಲಸವನ್ನು ನಾವು ಬೇರೆ ರೀತಿಯಲ್ಲಿ ದಿನವೂ ಮಾಡುತ್ತೇವೆ.

ಈ ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆಯಿರಿ: ‘ನಮ್ಮೂರಿಗೆ ಕರೆಂಟ್ ಕೊಟ್ಟರು.’ ‘ಬೆಳಗಿನ ಬಸ್ ನಿಲ್ಲಿಸಿಬಿಟ್ಟರು.’ ‘ಅವನನ್ನು ಕೆಲಸದಿಂದ ತೆಗೆದರು.’ ಆಮೇಲೆ ಕೇಳಿ, ಕೊಟ್ಟವರು ಯಾರು? ನಿಲ್ಲಿಸಿದವರು ಯಾರು? ವಾಕ್ಯದಲ್ಲಿ ಅವರ ಹೆಸರೇ ಇಲ್ಲ. ‘ಅರು’ ಅನ್ನುವ ಬಾಲ ಮಾತ್ರ ಇದೆ. ಹೇಳುವವನಿಗೆ ಬೇಕಾದದ್ದು ಕರೆಂಟು, ಬಸ್ಸು, ಕೆಲಸ ಹೋದವನು. ಇವುಗಳ ಇಂಗ್ಲಿಷೇ ‘ದ ಮಾರ್ನಿಂಗ್ ಬಸ್ ವಾಸ್ ಸ್ಟಾಪ್ಡ್’, ‘ಹಿ ವಾಸ್ ರಿಮೂವ್ಡ್ ಫ್ರಮ್ ದ ಜಾಬ್’. ಇಷ್ಟಾದ ಮೇಲೆ ಊರಿನ ಬೋರ್ಡುಗಳನ್ನು ಓದಿಸಿ. ‘ನಿಷೇಧಿಸಲಾಗಿದೆ’, ‘ಮುಚ್ಚಲಾಗಿದೆ’, ‘ಸೂಚಿಸಲಾಗಿದೆ’. ಯಾರು ನಿಷೇಧಿಸಿದರು ಎಂದು ಬೋರ್ಡು ಹೇಳುವುದಿಲ್ಲ. ಹದಿಮೂರು ಹದಿನಾಲ್ಕರ ಮಕ್ಕಳಿಗೆ ಈ ‘ಯಾರು?’ ಅನ್ನುವ ಪ್ರಶ್ನೆ ತುಂಬ ಇಷ್ಟ.

ಮೊದಲ ವಾರ ‘ಬೈ’ ಅನ್ನುವ ಪದವನ್ನೇ ತರಬೇಡಿ. ನಮ್ಮ ಪಾಠಗಳಲ್ಲಿ ಎಲ್ಲ ಪ್ಯಾಸಿವ್ ವಾಕ್ಯಗಳಿಗೂ ‘ಬೈ ರಾಮ’, ‘ಬೈ ಸೀತಾ’ ಬಾಲ ಅಂಟಿಸಿರುತ್ತೇವೆ. ನಿಜವಾದ ಇಂಗ್ಲಿಷಿನಲ್ಲಿ ಬಹುಪಾಲು ಪ್ಯಾಸಿವ್‌ಗಳಿಗೆ ಆ ಬಾಲ ಇರುವುದಿಲ್ಲ. ಎಲ್ಲಿ ಜಾಸ್ತಿ ಬಳಸುತ್ತಾರೆ ಅನ್ನುವುದೂ ಮುಖ್ಯ. ಭಾಷಾವಿಜ್ಞಾನಿ ಡಗ್ಲಸ್ ಬೈಬರ್ ಮತ್ತು ಜೊತೆಗಾರರು 1999ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಬಳಕೆಯ ದೊಡ್ಡ ಅಧ್ಯಯನದ ಪ್ರಕಾರ ವಿದ್ವತ್ ಬರಹದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಕ್ರಿಯಾಪದ ಪ್ಯಾಸಿವ್. ಮಾತುಕತೆಯಲ್ಲಿ ನೂರಕ್ಕೆ ಎರಡರಷ್ಟು. ಹಾಗಾಗಿ ಮಕ್ಕಳಿಂದ ಪ್ಯಾಸಿವ್‌ನಲ್ಲಿ ಮಾತಾಡಿಸುವುದಕ್ಕಿಂತ ಓದಿಸಬೇಕು, ಬರೆಸಬೇಕು. ವಿಜ್ಞಾನದ ಪಾಠ, ಪತ್ರಿಕೆಯ ಸುದ್ದಿ, ಚರಿತ್ರೆಯ ಪುಟ.

ನೀವು ಸಿರಸಿಯವರು. ನಿಮ್ಮ ಕ್ಲಾಸಿನಲ್ಲಿ ಅಡಿಕೆ ಗೊತ್ತಿಲ್ಲದ ಮಗು ಇರಲಾರದು. ಕೆಂಪಡಿಕೆ ಹೇಗೆ ಆಗುತ್ತದೆ ಎಂದು ಕನ್ನಡದಲ್ಲಿ ಹೇಳಿಸಿ. ಕೊನೆ (ಅಡಿಕೆ ಗೊನೆ) ಇಳಿಸುವುದು, ಸುಲಿಯುವುದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ನೀರು) ಬೇಯಿಸುವುದು, ಬಿಸಿಲಿಗೆ ಹರಡುವುದು, ಆರಿಸಿ ರಾಶಿ ಬೇರೆ ಮಾಡುವುದು. ಈಗ ಇಂಗ್ಲಿಷಿಗೆ ಬನ್ನಿ: ‘ದ ಬಂಚಸ್ ಆರ್ ಕಟ್. ದ ನಟ್ಸ್ ಆರ್ ಪೀಲ್ಡ್. ದೆ ಆರ್ ಬಾಯ್ಲ್ಡ್. ದೆನ್ ದೆ ಆರ್ ಡ್ರೈಡ್ ಇನ್ ದ ಸನ್.’ ಇಲ್ಲಿ ಪ್ಯಾಸಿವ್ ಏಕೆ ಬಂತು ಎಂದು ಮಕ್ಕಳೇ ಹೇಳುತ್ತಾರೆ. ಮರ ಹತ್ತುವವರು ಒಬ್ಬರು, ಸುಲಿಯುವವರು ಇನ್ನೊಬ್ಬರು, ಬೇಯಿಸುವವರು ಮತ್ತೊಬ್ಬರು. ಜನ ಬದಲಾಗುತ್ತಾರೆ, ಅಡಿಕೆ ಬದಲಾಗುವುದಿಲ್ಲ. ಕತೆ ಅಡಿಕೆಯದು. ಬೆಲ್ಲದ ಊರಿನವರು ಆಲೆಮನೆ ತೆಗೆದುಕೊಳ್ಳಲಿ, ರಾಮನಗರದವರು ರೇಷ್ಮೆ ಗೂಡು ತೆಗೆದುಕೊಳ್ಳಲಿ.

ಇದೇ ಪಾಠ ಮಾಡುವಾಗ ಒಬ್ಬ ಹುಡುಗಿ ಎದ್ದು ನಿಂತು ‘ಮಿಸ್, ಮೈ ಮದರ್ ಪೀಲ್ಸ್ ದ ನಟ್ಸ್ ಅಟ್ ನೈಟ್’ ಅಂದಳು. ಅವಳ ತಾಯಿ ಸುಗ್ಗಿಯಲ್ಲಿ ರಾತ್ರಿ ಬಹಳ ಹೊತ್ತಿನವರೆಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರುವವರು. ಆ ವಾಕ್ಯವನ್ನು ಪ್ಯಾಸಿವ್ ಮಾಡಿಸಬಾರದು. ಅಲ್ಲಿ ಕತೆ ತಾಯಿಯದು. ಹಾಗೆಂದು ಕ್ಲಾಸಿಗೆ ಹೇಳಿದೆ. ಎರಡೂ ವಾಕ್ಯಗಳನ್ನು ಅಕ್ಕಪಕ್ಕ ಬರೆದು, ಯಾವಾಗ ಯಾವುದು ಬೇಕು ಎಂದು ಆ ಪಿರಿಯಡ್ ಪೂರ್ತಿ ಮಾತಾಡಿದೆವು. ಬದಲಿಸುವ ಅಭ್ಯಾಸ ಮಾತ್ರ ಮಾಡಿಸುತ್ತಾ ಹೋದರೆ ಎರಡು ವಾಕ್ಯಕ್ಕೂ ಅರ್ಥ ಒಂದೇ ಎಂದು ಮಕ್ಕಳು ನಂಬಿಬಿಡುತ್ತಾರೆ. ಇದು ನನಗೆ ನಿಜವಾಗಿ ಬೇಸರ ತರುವ ಸಂಗತಿ.

‘ಬೈ’ ತರಬೇಕಾದ ದಿನ ಮತ್ತೆ ಕ್ರಿಕೆಟ್‌ಗೆ ಬನ್ನಿ. ಸ್ಕೋರ್‌ಕಾರ್ಡಿನಲ್ಲಿ ಔಟಾದವನ ಹೆಸರಿನ ಮುಂದೆ ‘ಸಿ’ ಒಂದು ಹೆಸರು, ‘ಬಿ’ ಇನ್ನೊಂದು ಹೆಸರು ಇರುತ್ತದೆ. ‘ಸಿ’ ಅಂದರೆ ಕಾಟ್, ‘ಬಿ’ ಅಂದರೆ ಬೌಲ್ಡ್. ಬಿಡಿಸಿ ಬರೆದರೆ ‘ಹಿ ವಾಸ್ ಕಾಟ್ ಬೈ ದ ಕೀಪರ್’. ಔಟಾದದ್ದು ಗೊತ್ತು, ಹಿಡಿದವರು ಯಾರು ಅನ್ನುವುದೇ ಸುದ್ದಿ. ಸುದ್ದಿ ವಾಕ್ಯದ ಕೊನೆಗೆ ಬರುತ್ತದೆ. ‘ಬೈ’ ಇರುವುದು ಅದಕ್ಕೇ. ‘ಹಿ ವಾಸ್ ರನ್ ಔಟ್’ ಅನ್ನುವಾಗ ಅದು ಬೇಕಿಲ್ಲ.

ನಮ್ಮ ಸಾಗರದ ಕಡೆ ಇನ್ನೊಂದು ವಸ್ತು ಕೈಗೆ ಸಿಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಅದಕ್ಕೆ ಮೊದಲು, 1940ರ ದಶಕದಲ್ಲಿ ಕಟ್ಟಿದ ಮಡೆನೂರು ಅಣೆಕಟ್ಟೇ ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ಕಾಣುತ್ತದೆ. ‘ದ ಓಲ್ಡ್ ಡ್ಯಾಮ್ ವಾಸ್ ಸಬ್‌ಮರ್ಜ್ಡ್. ಮೆನಿ ವಿಲೇಜಸ್ ವರ್ ಸಬ್‌ಮರ್ಜ್ಡ್. ದ ಫ್ಯಾಮಿಲೀಸ್ ವರ್ ಮೂವ್ಡ್.’ ಬರಹದಲ್ಲಿ ಹೀಗೆ ಮೂರು ಸಾಲು. ಮಕ್ಕಳಿಗೆ ಮನೆಯಲ್ಲಿ ಅಜ್ಜ ಅಜ್ಜಿಯನ್ನು ಕೇಳಿಕೊಂಡು ಬರಲು ಹೇಳುತ್ತಿದ್ದೆ. ಅವರು ತರುತ್ತಿದ್ದ ವಾಕ್ಯ ಬೇರೆ: ‘ನಮ್ಮನ್ನು ಲಾರಿಯಲ್ಲಿ ತುಂಬಿಕೊಂಡು ಬಂದು ಇಲ್ಲಿ ಇಳಿಸಿಹೋದರು.’ ಮತ್ತೆ ಅದೇ ‘ಅರು’. ‘ವಿ ವರ್ ಬ್ರಾಟ್ ಹಿಯರ್ ಇನ್ ಲಾರೀಸ್’ ಎಂದು ಮಕ್ಕಳು ಬರೆದರು. ಇಳಿಸಿದವರು ಯಾರು, ತೀರ್ಮಾನ ಮಾಡಿದವರು ಯಾರು ಎಂದು ಆಮೇಲೆ ಕೇಳಿದರು. ಕೆಲವರು ‘ದ ಗವರ್ನ್‌ಮೆಂಟ್ ಮೂವ್ಡ್ ಅಸ್’ ಎಂದು ತಿದ್ದಿದರು. ಕೆಲವರು ‘ವಿ ಲಾಸ್ಟ್ ಅವರ್ ಲ್ಯಾಂಡ್’ ಎಂದು ಬರೆದರು. ಮೂರೂ ಸರಿಯಾದ ಇಂಗ್ಲಿಷ್. ಯಾವುದನ್ನು ಆರಿಸಬೇಕು ಎಂಬುದು ಬರೆಯುವವರ ಕೈಯಲ್ಲಿದೆ. ಹದಿನೈದು ವರ್ಷದ ಮಗುವಿಗೆ ವ್ಯಾಕರಣದಲ್ಲಿ ತನ್ನದೊಂದು ಅಧಿಕಾರ ಇದೆ ಎಂದು ತಿಳಿದರೆ ಆ ಪಾಠ ಮರೆಯುವುದಿಲ್ಲ.

ಕೊನೆಗೆ ಮಕ್ಕಳಿಗೆ ಈಗಾಗಲೇ ಗೊತ್ತಿರುವ ಪ್ಯಾಸಿವ್ ಒಂದನ್ನು ತೋರಿಸಿ. ‘ಕುವೆಂಪು ವಾಸ್ ಬಾರ್ನ್ ಇನ್ 1904.’ ‘ಐ ಬಾರ್ನ್’ ಎಂದು ಬರೆಯುವ ಚಾಳಿ ಇದರ ಜೊತೆಗೇ ಹೋಗುತ್ತದೆ. ‘ಮೈಸೂರ್ ಸ್ಟೇಟ್ ವಾಸ್ ರಿನೇಮ್ಡ್ ಕರ್ನಾಟಕ ಇನ್ 1973’ ಎಂಬುದೂ ಚೆನ್ನಾಗಿ ಕೂರುತ್ತದೆ.

ಪ್ರಶ್ನೆ: ಮಗಳು ಇಲ್ಲಿಯೇ ಹುಟ್ಟಿ ಬೆಳೆದವಳು, ಎಂಟನೇ ಗ್ರೇಡ್. ಅವಳ ಶಾಲೆಯಲ್ಲಿ ಪ್ಯಾಸಿವ್ ಬರೆದರೆ ಗೆರೆ ಎಳೆಯುತ್ತಾರೆ. ನಾವು ದಾವಣಗೆರೆಯಲ್ಲಿ ಕಷ್ಟಪಟ್ಟು ಕಲಿತದ್ದು ವ್ಯರ್ಥವೇ?
— ಓದುಗರು, ನ್ಯೂಜೆರ್ಸಿ

ಉತ್ತರ: ವ್ಯರ್ಥ ಅಲ್ಲ. ಅಲ್ಲಿನ ಬರವಣಿಗೆ ಪಾಠದಲ್ಲಿ ಪ್ಯಾಸಿವ್ ಬೇಡ ಅನ್ನುವುದು ಹಳೆಯ ಬುದ್ಧಿವಾದ. ಅದರ ಹಿಂದೆ ಒಳ್ಳೆಯ ಕಾರಣ ಇದೆ. ಮಾಡಿದವರನ್ನು ಮುಚ್ಚಿಡಲು ಪ್ಯಾಸಿವ್ ಬಲು ಅನುಕೂಲ. ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ 1987ರ ಜನವರಿ ಭಾಷಣದಲ್ಲಿ, ಇರಾನಿಗೆ ಗುಟ್ಟಾಗಿ ಆಯುಧ ಮಾರಿದ ವ್ಯವಹಾರದ ಬಗ್ಗೆ ಗಂಭೀರ ತಪ್ಪುಗಳಾದವು ಎಂಬ ಅರ್ಥದಲ್ಲಿ ‘ಮಿಸ್ಟೇಕ್ಸ್ ವರ್ ಮೇಡ್’ ಅಂದರು. ಮಾಡಿದವರು ಯಾರು ಎಂದು ಆ ವಾಕ್ಯ ಹೇಳಲಿಲ್ಲ. ಮಗಳಿಗೆ ಇದನ್ನು ತೋರಿಸಿ. ಆದರೆ ಎಲ್ಲ ಕಡೆ ಗೆರೆ ಎಳೆಯುವುದು ಸರಿಯಲ್ಲ. ‘ದ ಸಲ್ಯೂಷನ್ ವಾಸ್ ಹೀಟೆಡ್’ ಎಂದು ಲ್ಯಾಬ್ ವರದಿಯಲ್ಲಿ ಬರೆದರೆ ಏನೂ ತಪ್ಪಿಲ್ಲ. ಬಿಸಿ ಮಾಡಿದವರು ಯಾರು ಎಂಬುದು ಅಲ್ಲಿ ಮುಖ್ಯವೇ ಅಲ್ಲ. ಗೆರೆ ಬಿದ್ದ ವಾಕ್ಯ ಹಿಡಿದುಕೊಂಡು ‘ಇಲ್ಲಿ ಯಾರು ಎಂದು ಓದುಗರಿಗೆ ಬೇಕಾ?’ ಎಂದು ಅವಳನ್ನೇ ಕೇಳಿ. ಬೇಕು ಅಂದರೆ ಬದಲಿಸಲಿ. ಬೇಡ ಅಂದರೆ ಟೀಚರ್ ಹತ್ತಿರ ಹೋಗಿ ಗೌರವದಿಂದ ಕಾರಣ ಹೇಳಲಿ.

ಪ್ರಶ್ನೆ: ಹತ್ತನೇ ತರಗತಿಗೆ ಬಂದರೂ ‘ಶಿ ಗೋ’, ‘ಹಿ ಕಮ್’ ಎಂದೇ ಬರೆಯುತ್ತಾಳೆ ನಮ್ಮ ಹುಡುಗಿ. ‘ಎಸ್’ ಹಾಕು ಎಂದು ಹೇಳಿ ಹೇಳಿ ಸಾಕಾಗಿದೆ. ಉಡಾಫೆ ಅಲ್ವಾ ಇದು?
— ತಂದೆ, ಮಾಲೂರು

ಉತ್ತರ: ಖಂಡಿತ ಉಡಾಫೆ ಅಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರೋಜರ್ ಬ್ರೌನ್ ಇಂಗ್ಲಿಷ್ ಮನೆಮಾತಿನ ಮೂರು ಮಕ್ಕಳ ಮಾತನ್ನು ವರ್ಷಗಟ್ಟಲೆ ಗಮನಿಸಿ 1973ರಲ್ಲಿ ಬರೆದರು. ಆ ಮಕ್ಕಳಿಗೂ ‘ಇಂಗ್’ ಬಹಳ ಬೇಗ ಬಂತು. ಈ ‘ಎಸ್’ ತಡವಾಗಿ ಬಂತು. ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುವ ಸ್ಪ್ಯಾನಿಷ್, ಚೀನೀ ಮಕ್ಕಳಲ್ಲೂ ‘ಎಸ್’ ಹಿಂದೆ ಬೀಳುವುದನ್ನು ಹೈಡಿ ಡ್ಯೂಲೆ ಮತ್ತು ಮರೀನಾ ಬರ್ಟ್ ಎಂಬ ಸಂಶೋಧಕರು ಮರುವರ್ಷವೇ ತೋರಿಸಿದರು. ನಿಯಮ ಗೊತ್ತಿರುವುದು ಬೇರೆ, ಬರೆಯುವ ವೇಗದಲ್ಲಿ ಕೈಗೆ ಬರುವುದು ಬೇರೆ.

ಅವಳು ಬರೆಯುತ್ತಿರುವಾಗ ನಡುವೆ ತಿದ್ದಬೇಡಿ. ಬರೆದು ಮುಗಿಸಲಿ. ಆಮೇಲೆ ‘ಹಿ, ಶಿ, ಇಟ್’ ಮತ್ತು ಒಬ್ಬರದೇ ಹೆಸರು ಇರುವ ಕಡೆ ಪೆನ್ಸಿಲಿನಿಂದ ಸುತ್ತು ಹಾಕಲಿ. ಪ್ರತಿ ಸುತ್ತಿನಿಂದ ಅದರ ಕ್ರಿಯಾಪದಕ್ಕೆ ಬಾಣ ಎಳೆದು ‘ಎಸ್’ ಇದೆಯೇ ಎಂದು ತಾನೇ ನೋಡಲಿ. ಉಳಿದ ತಪ್ಪುಗಳನ್ನು ಅವತ್ತು ಮುಟ್ಟಬೇಡಿ. ಸಿಂಪಲ್ ಪಾಸ್ಟ್‌ನಲ್ಲಿ ಬರೆದ ಕತೆಗೆ ಈ ಕೆಲಸ ಬೇಕಿಲ್ಲ, ಅಲ್ಲಿ ‘ಎಸ್’ ಬರುವುದಿಲ್ಲ. ದಿನಚರಿ, ಊರಿನ ಪರಿಚಯ, ಅಮ್ಮನ ಕೆಲಸದ ವಿವರಣೆ ಇಂಥವನ್ನು ಬರೆಸಿ. ಪರೀಕ್ಷೆಯಲ್ಲೂ ಕೊನೆಯ ಐದು ನಿಮಿಷ ಇದೊಂದನ್ನೇ ನೋಡು ಎಂದು ಹೇಳಿ ಕಳಿಸಿ.